ಶರಣವ್ವ ಬೈಯುವುದು ಬಿಟ್ಟ ವಾರ

ಬಾಗಲಕೋಟೆ ಕಡೆಯ ಶರಣವ್ವ ಮಗ ಸಂಜುವನ್ನು ಬೆಳಗ್ಗೆ ಎಬ್ಬಿಸುತ್ತಿದ್ದುದೇ "ನಿನ್ ಹೆಣಾ ಎತ್ಲಿ, ಚಾ ಆರಾಕತ್ತೈತಿ, ಏಳ" ಎಂದು. ಹುಟ್ಟಿದಾಗಿನಿಂದ ಆ ಮಾತಿಗೆ ಎದ್ದು ಚಹಾ ಕುಡಿದವನು ಬೆಂಗಳೂರಿಗೆ ಬಂದು ಹಲಸೂರಿನ ಸಂಶೋಧನಾ ಕೇಂದ್ರ ಸೇರಿದ ಮೇಲೆ ಕೆಟ್ಟ. ಗಲಭೆಗಳಲ್ಲಿ ಬದುಕುಳಿದವರು ಹೇಳಿದ್ದನ್ನು ಕ್ಯಾಸೆಟ್ಟಿನಿಂದ ಕೇಳಿ ಬರೆದಿಡುವ ಕೆಲಸ. ದಿನವಿಡೀ ಕಿವಿಯಲ್ಲಿ ಹೆಣಗಳು. ಸಂಜೆ ಕಂಡಕ್ಟರ್ "ಫುಟ್‌ಬೋರ್ಡಲ್ಲಿ ಯಾಕ್ರೀ ಸಾಯ್ತೀರಾ, ಒಳಗೆ ನಡೀರಿ" ಅಂದರೆ ಅಲ್ಲೇ ಇಳಿದು ಕಗ್ಗದಾಸಪುರದ ಮನೆಯವರೆಗೆ ನಡೆಯುತ್ತಿದ್ದ. ಕೊತ್ತಂಬರಿಯನ್ನು 'ಕೊಚ್ಚು' ಅನ್ನಬಾರದು, 'ಹೆಚ್ಚು' ಅನ್ನಬೇಕು ಎಂದು ಮನೆಯಲ್ಲಿ ಕಾನೂನು ಮಾಡಿದ.

ಕಡೆಗೊಂದು ಬೆಳಗ್ಗೆ, "ಅವ್ವಾ, ಇನ್ನ ಮ್ಯಾಲೆ ಹೆಣದ ಮಾತು ಬ್ಯಾಡ. ನನಗ ನಿದ್ದಿ ಬರವಲ್ದು" ಎಂದ.

"ಮತ್ತ ಹೆಂಗ ಮಾತಾಡ್ಲಿ?"

"ಮರ್ಯಾದಿಯಿಂದ."

ಮರುದಿನದಿಂದ ಶರಣವ್ವ ಟಿ.ವಿ.ಯಲ್ಲಿ ವಾರ್ತೆ ಓದುವವಳಂತಾದಳು. "ತಾವು ಏಳಬೇಕು. ಚಹಾ ಸಿದ್ಧವಾಗಿದೆ." ಚಹಾ ರುಚಿಸಲಿಲ್ಲ, ನಿದ್ದೆಯೂ ಬರಲಿಲ್ಲ. ವಾರ ಕಳೆಯುವುದರೊಳಗೆ ಅವಳಿಗೂ ಸಾಕಾಯಿತು. "ತಮ್ಮ ಮನೆಯಲ್ಲಿ ನಮಗೆ ಉಸಿರು ಕಟ್ಟುತ್ತಿದೆ. ಸಂಜೆ ಬಸ್ಸಿಗೆ ಊರಿಗೆ ಹೊರಡುತ್ತೇವೆ."

ಅವ್ವ ಹೋದರೆ ಈ ಕ್ಯಾಸೆಟ್ಟುಗಳ ಜೊತೆ ತಾನೊಬ್ಬನೇ ಎಂದುಕೊಂಡ ಸಂಜು. ಚಹಾ ಲೋಟ ಅಲ್ಲೇ ಬಿಟ್ಟು ಕೆಲಸಕ್ಕೆ ಹೋದ.

ಅಂದಿನ ಕ್ಯಾಸೆಟ್ಟಿನಲ್ಲಿ ನೂರ್ಜಹಾನ್ ಎಂಬ ಹೆಂಗಸಿನ ದನಿ. "ನಮ್ಮತ್ತೆ ದಿನಾ 'ನಿನ್ನ ಜನಾಜಾ ಎತ್ಲಿ' ಅಂತ ಬೈದು ನನ್ನ ಹೆಣಾನೇ ಹೊರಿಸೋರು," ಎನ್ನುತ್ತ ಅವಳು ನಕ್ಕಳು. "ನನಗೊಂದು ತಲೆನೋವೂ ಬರ್ಲಿಲ್ಲ. ಗಲಾಟೆ ದಿನ ಬಂದೋರು ಬೈಲೇ ಇಲ್ಲ ನೋಡಿ. ಬಾಗಿಲು ತಟ್ಟಿ, 'ಅಮ್ಮಾ, ದಯವಿಟ್ಟು ಹೊರಗೆ ಬನ್ನಿ' ಅಂದ್ರು. ಅತ್ತೆ ಹೋದ್ರು. ಈಗ ನನ್ನ ಬೈಯೋರೇ ಇಲ್ಲ."

ಸಂಜು ಕ್ಯಾಸೆಟ್ಟು ನಿಲ್ಲಿಸಿ ಆಟೊ ಹತ್ತಿದ.

ಟ್ರಂಕಿನ ಮೇಲೆ ಕೂತಿದ್ದ ಶರಣವ್ವ, "ತಾವು ಬೇಗ ಬಂದಿರಿ" ಎಂದಳು. ಆ 'ತಾವು' ಅವನ ಕಿವಿಗೆ 'ದಯವಿಟ್ಟು ಹೊರಗೆ ಬನ್ನಿ' ಅಂದಂತೆ ಕೇಳಿತು.

"ಅವ್ವಾ, ಬೈಯವ್ವಾ."

"ಬೈಯಲಾರೆವು. ಕಾನೂನಿದೆ."

ಬೇರೇನೂ ತೋಚದೆ, ಬೆಳಗ್ಗೆ ಬಿಟ್ಟುಹೋಗಿದ್ದ ಕೆನೆಗಟ್ಟಿದ ಚಹಾವನ್ನು ಎತ್ತಿ ಕುಡಿಯತೊಡಗಿದ. ಶರಣವ್ವ ಒಂದು ಗುಟುಕು ಸಹಿಸಿದಳು. ಇನ್ನೊಂದನ್ನೂ ಸಹಿಸಿದಳು.

"ನಿನ್ ಹೆಣಾ ಎತ್ಲಿ, ತಂಗಳ ಚಾ ಕುಡೀತಿಯಲ್ಲೋ ಮೂಳ. ಇಡು ಕೆಳಗ. ಬ್ಯಾರೆ ಮಾಡ್ತೀನಿ."

ಅವಳು ಬಿಸಿ ಚಹಾ ತರುವಷ್ಟರಲ್ಲಿ ಸಂಜು ಟ್ರಂಕಿಗೆ ತಲೆ ಆನಿಸಿ ಗೊರಕೆ ಹೊಡೆಯುತ್ತಿದ್ದ. ಲೋಟ ಪಕ್ಕಕ್ಕಿಟ್ಟು ಕೂತಳು. ಚಹಾ ಆರುತ್ತಿತ್ತು, ಎಬ್ಬಿಸಲಿಲ್ಲ.