ಹೆಣವಿಲ್ಲದ ಅಳು

“ಅಳಾಕ ಏನ ಧಾಡಿ ಆಗೇತಿ ನಿನಗ, ಬೋಸಡಿ? ನಮ್ಮವ್ವ ಸತ್ತಾಗ ಊರಿಗೂರ ಕೇಳೂಹಂಗ ಅತ್ತಿದ್ದಿ. ಈಗ ಮಾಸ್ತರ ಮುಂದ ನಖರಾ ಮಾಡ್ತಿ?”

ಬಸಂತರಾಯಗೌಡ ಕಟ್ಟೆಯ ಮೇಲೆ ಕೂತು ಗುಂಡವ್ವನನ್ನು ಬೈಯುತ್ತಿದ್ದ. ಅವನ ಮಗ್ಗುಲಿಗೆ ಶಹರದ ಕಾಲೇಜಿನಲ್ಲಿ ಕನ್ನಡ ಕಲಿಸುವ ಮಾಸ್ತರ. ಕವಿತೆ ಬರೆಯುವ ಮನುಷ್ಯ, ಹಳ್ಳಿ ಹಳ್ಳಿ ತಿರುಗಿ ಹೆಂಗಸರ ಹಾಡು ಹಿಡಿಯುತ್ತಾನಂತೆ. ಮುಂದೆ ಟೇಪ್ ರೆಕಾರ್ಡರ್ ಇಟ್ಟುಕೊಂಡಿದ್ದ. ನಾವಿಬ್ಬರೂ ಕೆಳಗೆ ಅಂಗಳದ ಬಿಸಿಲಲ್ಲಿ ನಿಂತಿದ್ದೆವು.

ನಾನು ಕಸ್ತೂರೆವ್ವ. ಗುಂಡವ್ವ ನನ್ನ ಅಣ್ಣನ ಹೆಂಡತಿ. ಗೌಡರ ಮನೆತನದಲ್ಲಿ ಯಾರು ಸತ್ತರೂ ಕೇರಿಯಿಂದ ಬಂದು ಹಾಡ್ಯಾಡಿ ಅಳುವುದು ನಮ್ಮ ಪಾಲಿನ ಕೆಲಸ. ಅವಳು ನುಡಿ ಎತ್ತುತ್ತಾಳೆ, ಅವಳ ಉಸಿರು ಕಡಿದಲ್ಲಿ ನಾನು ಹಿಡಿಯುತ್ತೇನೆ. ಅತ್ತಾದ ಮೇಲೆ ಒಂದು ಮೊರ ಜೋಳ, ಸತ್ತವರದೊಂದು ಹಳೆ ಸೀರೆ. ಗೌಡರ ಮನೆಯ ಹೆಂಗಸರಿಗೂ ಗಂಟಲು ಇದೆ. ಆದರೆ ಅವರ ಸಗಣಿ ಹೊರುವವರು ಅವರ ದುಃಖವನ್ನೂ ಹೊರಬೇಕಲ್ಲ, ಹೊರುತ್ತೇವೆ.

“ಹೆಣ ಇಲ್ರಿ ಯಪ್ಪಾ,” ಅಂದಳು ಗುಂಡವ್ವ. “ಹೆಣ ಇಲ್ದ ಅಂಗಳದಾಗ ಹಾಡ್ಯಾಡಿ ಅತ್ರ ಆ ಮನಿಗಿ ಹೆಣ ಬರ್ತೈತ್ರಿ. ನಿಮಗ ಕೆಡಕ.”

ಪೊಲೀಸರಿಗೆ ಹೆದರದ ಗೌಡ ಇಂಥದಕ್ಕೆ ಹೆದರುತ್ತಾನೆ. ತಂಬಾಕು ಉಗುಳಿ, “ಇವ್ರನ್ನ ಊರ ಹೊರಗ ಕರಕೊಂಡ ಹೋಗ್ರಿ ಮಾಸ್ತರ. ಮಸಣದ ಕಡೆ ಜಾಲಿ ಗಿಡದ ಬುಡಕ ಅತ್ತ ಸಾಯಲಿ,” ಅಂದ.

ಗುಂಡವ್ವ ಅಳುವುದನ್ನು ಬಿಟ್ಟು ನಾಲ್ಕಾರು ತಿಂಗಳಾಗಿತ್ತು ಅನ್ನುವುದು ಮಾಸ್ತರನಿಗೆ ಗೊತ್ತಿರಲಿಲ್ಲ. ಗೌಡನಿಗೆ ಗೊತ್ತಿತ್ತು.

ಅದು ಎಪ್ಪತ್ತಾರನೇ ಇಸವಿ, ಎಮರ್ಜೆನ್ಸಿಯ ಕಾಲ. ಗೌಡನ ಬಂದೂಕಿನ ಲೈಸೆನ್ಸು ಮುಗಿದಿತ್ತು. ಮಕ್ಕಳಾಗದಂತೆ ಮಾಡುವ ಆಪರೇಶನ್ ಕ್ಯಾಂಪಿಗೆ ಗಂಡಸರನ್ನು ಕೊಡು, ಲೈಸೆನ್ಸು ಕೊಡುತ್ತೇವೆ ಅಂದರಂತೆ ಮೇಲಿನವರು. ಕೊಡಲಿಕ್ಕೆ ಗೌಡನ ಮನೆಯಲ್ಲಿ ಗಂಡಸರಿರಲಿಲ್ಲವೇ? ಇದ್ದರು. ಆದರೆ ಕೊಟ್ಟದ್ದು ನಮ್ಮ ಕೇರಿಯವರನ್ನು. ಗುಂಡವ್ವನ ಒಬ್ಬನೇ ಮಗ ಸಿದ್ರಾಮ ಆಲಮಟ್ಟಿಯ ಆಣೆಕಟ್ಟಿನಲ್ಲಿ ಕಲ್ಲು ಹೊರುತ್ತಿದ್ದ. ಕನ್ನೊಳ್ಳಿಯ ಹುಡುಗಿ ಗೊತ್ತಾಗಿತ್ತು, ಲಗ್ನಕ್ಕೆಂದು ಊರಿಗೆ ಬಂದಿದ್ದ. ಗೌಡರ ಹೇಳಿಕೆ ತರುವ ವಾಲೀಕಾರ ರಾಚಪ್ಪ ಬಾಗಿಲಿಗೆ ಬಂದು, “ಗೌಡ್ರು ಕರ್ಯಾಕತ್ತಾರ, ಬಾ,” ಅಂದ. ಹುಡುಗ ಅಂಗಿಯ ಗುಂಡಿ ಹಾಕಿಕೊಳ್ಳುತ್ತಲೇ ಹೋದ. ಗೌಡರ ಅಂಗಳದಲ್ಲಿ ಟ್ರಕ್ಕು ನಿಂತಿತ್ತು.

ಅದೇ ಟ್ರಕ್ಕಿನಲ್ಲಿ ನಮ್ಮ ನೆರೆಯ ಜೈತುನಬಿಯ ಗಂಡ ಮಲಿಕಸಾಬನೂ ಇದ್ದ. ಅವನು ತಿರುಗಿ ಬಂದು ಹೇಳಿದ. ಸಿದ್ರಾಮ “ನನ್ನ ಲಗ್ನ ಆಗಿಲ್ರಿ, ನನ್ನ ಲಗ್ನ ಆಗಿಲ್ರಿ” ಅಂತ ಒದರಿದನಂತೆ. ಕೈಕಾಲು ಹಿಡಿದು ಮಲಗಿಸಿದರಂತೆ. ಗಾಯ ಕೆಟ್ಟು ಮೈ ಸುಡತೊಡಗಿತು, ನೆಲದ ಮೇಲೆಯೇ ಬಿದ್ದಿದ್ದ, ಅಲ್ಲೇ ಸತ್ತ. ಕ್ಯಾಂಪಿನವರೇ ಎಲ್ಲಿಯೋ ಮಣ್ಣು ಮಾಡಿದರು. ಎಲ್ಲಿ ಅಂತ ಇವತ್ತಿಗೂ ಯಾರೂ ಹೇಳಿಲ್ಲ. ಮರುದಿನ ಪೊಲೀಸನೊಬ್ಬ ಕೇರಿಗೆ ಬಂದು, ಯಾವಳಾದರೂ ದನಿ ತೆಗೆದರೆ ಒಳಗೆ ಹಾಕುತ್ತೇವೆ, ಹೊರಗೆ ಬರುವುದಿಲ್ಲ ಅಂದು ಹೋದ.

ನಮ್ಮಲ್ಲಿ ಹೆತ್ತವಳು ಹೆಣದ ಮುಂದೆ ಕೂತು, ಹೆಸರು ಹಿಡಿದು, ಹಾಡ್ಯಾಡಿ ಅಳಬೇಕು. ಅಲ್ಲಿಯವರೆಗೆ ಸತ್ತವನಿಗೆ ದಾರಿ ಸಿಗುವುದಿಲ್ಲ. ನಗುವವರು ನಗಲಿ. ನಿಮ್ಮವರು ಸತ್ತರೆ ಹೆಣವನ್ನು ನಿಮ್ಮ ಕೈಗೆ ಕೊಡುತ್ತಾರಲ್ಲ, ನಿಮಗೆ ಇದು ತಿಳಿಯುವುದಿಲ್ಲ. ಗುಂಡವ್ವ ಊರವರ ಹೆಣಕ್ಕೆಲ್ಲ ಅತ್ತವಳು, ತನ್ನ ಕರುಳಿಗೆ ಅಳಲಾಗದೆ ಒಣಗುತ್ತಿದ್ದಳು. ರೊಟ್ಟಿ ಮುರಿದು ಬಾಯಿಗೆ ಇಟ್ಟರೆ ನುಂಗುವುದನ್ನೇ ಮರೆತು ಕೂತಿರುತ್ತಿದ್ದಳು.

ಜಾಲಿ ಗಿಡದ ಕೆಳಗೆ ಮಾಸ್ತರ ಯಂತ್ರ ಇಟ್ಟ. ಮೆತ್ತಗಿನ ಮನುಷ್ಯ, ನಮ್ಮನ್ನು ‘ಅವ್ವಾರ’ ಅನ್ನುತ್ತಿದ್ದ. ಗುಂಡವ್ವ ಕೇಳಿದಳು:

“ಇದರಾಗ ಹಾಡಿದ್ದು ಉಳೀತೈತೇನ್ರಿ?”

“ಉಳೀತೈತವ್ವಾ. ನಾವು ಸತ್ತರೂ ಉಳೀತೈತಿ.”

ಅವಳು ನೆಲದ ಮೇಲೆ ಕೂತಳು. ಯಂತ್ರದ ಮುಂದೆ ದನಿ ಎತ್ತಿದಳು. ಮೊದಲ ನುಡಿಗೇ ನನಗೆ ಗೊತ್ತಾಯಿತು. ಅದು ಸಿದ್ರಾಮನ ಹಾಡು. ಇಷ್ಟು ದಿನ ಒಳಗೇ ಕಟ್ಟಿಟ್ಟುಕೊಂಡಿದ್ದಳು. ಆಲಮಟ್ಟಿಯ ಕಲ್ಲು ಬಂತು, ಕನ್ನೊಳ್ಳಿಯ ಹುಡುಗಿ ಬಂದಳು, ಟ್ರಕ್ಕು ಬಂತು. ಟ್ರಕ್ಕು ಬಂದೊಡನೆ ಮಾಸ್ತರ ಗುಂಡಿ ಒತ್ತಿ ಯಂತ್ರ ನಿಲ್ಲಿಸಿದ.

“ಇದ ಬ್ಯಾಡವ್ವಾ. ಹಳೇವು ಹಾಡು, ನಿಮ್ಮ ಆಯಿ ಮುತ್ಯಾರ ಕಾಲದ್ದು.”

“ನನ್ನ ಮಗಾ ಮೊನ್ನೆ ಮೊನ್ನೆ ಸತ್ತಾನ್ರಿ. ಹಳೇದ ಎಲ್ಲಿಂದ ತರ್ಲಿ?”

“ಕಾಲ ಛಲೋ ಇಲ್ಲ. ನನಗೂ ಹೆಂಡ್ತಿ ಮಕ್ಕಳದಾರ. ಇದನ್ನ ಯಾರರ ಕೇಳಿದ್ರ ನನ್ನೂ ಒಳಗ ಒಗೀತಾರ.”

ಸುಳ್ಳು ಯಾಕೆ ಹೇಳಲಿ, ಅವನ ಕಣ್ಣಲ್ಲಿ ನೀರಿತ್ತು. ಕರವಸ್ತ್ರದಿಂದ ಒರೆಸಿಕೊಂಡ. ಒರೆಸಿಕೊಂಡು ಟೇಪನ್ನು ಹಿಂದಕ್ಕೆ ತಿರುಗಿಸಿದ. “ಈಗ ಅದರ ಮ್ಯಾಲೇ ಹಳೇದ ಹಾಡಿಬಿಡು,” ಅಂದ.

“ಮ್ಯಾಲ ಹಾಡಿದ್ರ ಮೊದಲಿಂದು ಎಲ್ಲಿ ಹೋಗ್ತೈತ್ರಿ?”

“ಅಳಿಸಿ ಹೋಗ್ತೈತಿ.”

“ಅಂದ್ರ ನನ್ನ ಕೈಲೇ ಅವಗ ಮಣ್ಣ ಕೊಡಸ್ತೀರಿ,” ಅಂದಳು ಗುಂಡವ್ವ.

ಹಾಡದೆ ತಿರುಗಿದರೆ ಗೌಡ ಚರ್ಮ ಸುಲಿಯುತ್ತಿದ್ದ. ಹಾಡಿದಳು. ಯಾರೋ ಯಾವಾಗಲೋ ಸತ್ತ ಗೌಡತಿಯ ಹಾಡು. ಮಾಸ್ತರ ತಲೆದೂಗಿದ.

ಅದಾಗಿ ಕೆಲವು ದಿನಕ್ಕೆ ಗೌಡರ ಅಂಗಳದಲ್ಲಿ ಪೆಂಡಾಲು ಹಾಕಿದರು. ದೇಶದ ಕೆಲಸದಲ್ಲಿ ಕೈಜೋಡಿಸಿದ್ದಕ್ಕೆ ಗೌಡನಿಗೆ ಸನ್ಮಾನವಂತೆ. ಮೈಸೂರು ಸೀಮೆಯ ದೊಡ್ಡ ಸಾಹೇಬ ಜೀಪಿನಲ್ಲಿ ಬಂದ. ಸನ್ಮಾನಕ್ಕೆ ಮೊದಲು ಕವಿಗಳ ಓದು. ಕೇರಿಯ ಹೆಂಗಸರು ಪೆಂಡಾಲಿನ ಹೊರಗೆ ನಿಂತು ಸೋಬಾನ ಹಾಡಬೇಕು ಅಂತ ಹುಕುಂ ಆಗಿತ್ತು. ರಾಚಪ್ಪ ಕೋಲು ಹಿಡಿದು ಬಂದು, “ನಕ್ಕೋತ ಹಾಡ್ರಿ. ಮಾರಿ ಗಂಟ ಹಾಕ್ಕೊಂಡ ನಿಂತ್ರ ಹಲ್ಲ ಉದುರಸ್ತೇನಿ,” ಅಂದ. ಮಲಿಕಸಾಬನನ್ನೂ ಕರೆತಂದು ಜನರ ನಡುವೆ ಕೂರಿಸಿದ್ದರು. ಅವನಿಗೆ ಇನ್ನೂ ನೆಟ್ಟಗೆ ಕೂರಲು ಆಗುತ್ತಿರಲಿಲ್ಲ, ಒಂದು ಮಗ್ಗುಲಿಗೆ ಒರಗಿದ್ದ. ಜೈತುನಬಿ ಹೆಂಗಸರ ಸಾಲಿನಲ್ಲಿ ನನ್ನ ಹಿಂದೆ ನಿಂತಿದ್ದಳು.

ನಮ್ಮ ಮಾಸ್ತರನೇ ಮೊದಲು ಓದಿದ. ಶಿಸ್ತು ಅಂತ ಬಂತು, ಹೊಸ ಬೆಳಕು ಅಂತ ಬಂತು, ಸಣ್ಣ ಸಂಸಾರದ ಅಂಗಳದಲ್ಲಿ ಹೂವು ಅಂತ ಬಂತು. ಓದುವಾಗ ನಮ್ಮ ಕಡೆ ಒಮ್ಮೆಯೂ ಕಣ್ಣೆತ್ತಲಿಲ್ಲ. ಸಾಹೇಬ ಚಪ್ಪಾಳೆ ತಟ್ಟಿದ, ಎಲ್ಲರೂ ತಟ್ಟಿದರು. ನಾವೂ ತಟ್ಟಿದೆವು, ಕೋಲು ಅಲ್ಲೇ ಇತ್ತು.

ಆಮೇಲೆ ಗೌಡನನ್ನು ಕಟ್ಟೆಯ ಮೇಲೆ, ಗೋಡೆಗೆ ಹಚ್ಚಿದ ದೊಡ್ಡ ಕುರ್ಚಿಯಲ್ಲಿ ಕೂರಿಸಿದರು. ಹಣೆಗೆ ಅಡ್ಡ ವಿಭೂತಿ, ಮುಖಕ್ಕೆಲ್ಲ ಗುಲಾಲು, ಕೊರಳು ಮುಚ್ಚುವಷ್ಟು ಚೆಂಡುಹೂವಿನ ಮಾಲೆ. ಫೋಟೋದವನು ಅಲುಗಾಡಬೇಡಿ ಅಂದದ್ದಕ್ಕೆ ಕಣ್ಣು ಮುಚ್ಚಿ, ಕೈ ತೊಡೆಯ ಮೇಲಿಟ್ಟು ಕೂತ.

ನಮ್ಮ ಸೀಮೆಯಲ್ಲಿ ಹೆಣವನ್ನು ಮಲಗಿಸುವುದಿಲ್ಲ. ಗೋಡೆಗೆ ಒರಗಿಸಿ ಕೂರಿಸುತ್ತೇವೆ. ವಿಭೂತಿ, ಗುಲಾಲು, ಮಾಲೆ, ಎಲ್ಲ ಹೀಗೆಯೇ.

ಗುಂಡವ್ವನ ಕೈ ನನ್ನ ಮುಂಗೈ ಹಿಡಿಯಿತು. “ಕಸ್ತೂರಿ, ಹೆಣ ಕುಂತೈತಿ ನೋಡ.”

“ಬ್ಯಾಡ ವೈನಿ. ಕೊಂದ ಹಾಕ್ತಾರ.”

“ಕೊಲ್ಲಾಕ ಏನ ಉಳದೈತಿ ನನ್ನಾಗ? ನನ್ನ ಮಗನ್ನ ಕರಕೊಂಡ ಹೋದ ಅಂಗಳ ಇದು. ಇಲ್ಲೇ ಅಳ್ತೇನಿ.”

ತುರುಬು ಬಿಚ್ಚಿದಳು. ನಾವು ಹತ್ತಬಾರದ ಮೆಟ್ಟಿಲು ಹತ್ತಿ, ಗೌಡನ ಕಾಲ ಬಳಿ ಕುಕ್ಕರಿಸಿ, ಎದೆ ಬಡಿದುಕೊಂಡು ನುಡಿ ಎತ್ತಿದಳು.

*ಆಲಮಟ್ಟಿ ಕಲ್ಲ ಹೊತ್ತ ಹೆಗಲೋ ನನ ಕಂದಾ*
*ಅರಿಷಿಣ ಹಚ್ಚೂ ಮೈಗಿ ಕತ್ತರಿ ಇಟ್ಟರೋ…*

ಗೌಡ ಕಣ್ಣು ಬಿಟ್ಟ. ಊರವರಿಗೆಲ್ಲ ಒಂದೇ ಗಳಿಗೆಗೆ ತಿಳಿಯಿತು, ಕೂತ ಗೌಡನನ್ನೇ ಹೆಣ ಮಾಡಿಕೊಂಡು ಅಳುತ್ತಿದ್ದಾಳೆ ಅಂತ. ಒಳಗಿನಿಂದ ಗೌಡತಿ ಚೀರಿದಳು: “ಏಳ್ರೀ, ಕುರ್ಚಿ ಬಿಟ್ಟ ಏಳ್ರೀ!”

ಗೌಡ ಅರ್ಧ ಎದ್ದ. ಸಾಹೇಬ ಮಾಸ್ತರನ ಕಡೆ ಬಾಗಿ, “ಏನ್ರೀ ಇದು, ಅಳ್ತಾ ಇದ್ದಾಳಲ್ಲ?” ಅಂತ ಕೇಳಿದ.

ಮಾಸ್ತರನಿಗೆ ಪ್ರತಿಯೊಂದು ಅಕ್ಷರ ತಿಳಿದಿತ್ತು. ಕವಿತೆಯ ಹಾಳೆಯನ್ನು ಮಡಚಿ ಜೇಬಿಗಿಟ್ಟ. “ಇಲ್ಲ ಸರ್. ಸೋಬಾನೆ ಪದ. ಈ ಕಡೆ ರಾಗ ಹಿಂಗೇ ಇರ್ತದ,” ಅಂದ.

“ಓಹೋ. ಕೂತ್ಕೊಳ್ಳಿ ಗೌಡ್ರೇ, ಕೂತ್ಕೊಳ್ಳಿ. ನಿಮ್ಮ ಮೇಲೇ ಹಾಡ್ತಾ ಇದ್ದಾಳೆ. ಪೂರ್ತಿ ಹಾಡ್ಲಿ.”

ಸಾಹೇಬ ಕೂರು ಅಂದ ಮೇಲೆ ಏಳುವುದು ಹೇಗೆ? ಬಂದೂಕಿನ ಲೈಸೆನ್ಸು ಇನ್ನೂ ಸಾಹೇಬನ ಕೈಯಲ್ಲೇ ಇತ್ತು. ಗೌಡ ಕೂತ. ಗುಲಾಲಿನ ಮೇಲೆ ಬೆವರು ಇಳಿಯತೊಡಗಿತು. ನನಗೆ ಹೊಟ್ಟೆ ತಣ್ಣಗಾಯಿತು. ನಾನೇನೂ ಸಂತಳಲ್ಲ.

*ಮಾಲಗಾಡ್ಯಾಗ ತುಂಬ್ಯಾರೋ ದನಾ ತುಂಬಿದಂಗ*
*ಮಣ್ಣ ಕೊಡಾಕ ನಿನ್ನವ್ವನ್ನ ಕರೀಲಿಲ್ಲೋ…*

ಹೆಸರು ಹಿಡಿದು ಅತ್ತಳು. ಸಿದ್ರಾಮಾ ಅಂದಳು, ಬಸಂತರಾಯಾ ಅಂದಳು, ಟ್ರಕ್ಕು ಅಂದಳು, ಕ್ಯಾಂಪು ಅಂದಳು. ಕ್ಯಾಂಪು ಅನ್ನುವುದು ಎಲ್ಲ ಸೀಮೆಯವರಿಗೂ ತಿಳಿಯುವ ಮಾತು. ಸಾಹೇಬನ ಮುಖ ಕಪ್ಪಾಯಿತು. ಮಾಸ್ತರನನ್ನು ಒಮ್ಮೆ ನೋಡಿ, ಪೊಲೀಸರಿಗೆ ಗದ್ದ ಎತ್ತಿ ತೋರಿಸಿದ.

ಇಬ್ಬರು ಬಂದು ಅವಳ ಬಿಚ್ಚುಗೂದಲು ಹಿಡಿದು ಮೆಟ್ಟಿಲ ಮೇಲಿಂದ ಎಳೆದರು. ರಾಚಪ್ಪ ಗಂಟಲಿಗೆ ಒದ್ದ. ನುಡಿ ಅರ್ಧಕ್ಕೆ ಕಡಿಯಿತು. ಅವಳ ಬಾಯಿಯಿಂದ ರಕ್ತ ಬಂತು, ದನಿ ಬರಲಿಲ್ಲ. ನೆಲದ ಮೇಲೆ ಬಿದ್ದಲ್ಲಿಂದಲೇ ಅವಳು ನನ್ನ ಕಡೆ ನೋಡಿದಳು.

ನನಗೂ ಇಬ್ಬರು ಗಂಡುಮಕ್ಕಳಿದ್ದಾರೆ. ಓಡಬೇಕು ಅನಿಸಿತು, ದೇವರಾಣೆ ಅನಿಸಿತು. ಆದರೆ ಅವಳ ಉಸಿರು ಕಡಿದಿತ್ತು, ಹಿಡಿಯುವವಳು ನಾನು.

ಹಿಡಿದೆ.

ಗೌಡ ಕುರ್ಚಿಯಲ್ಲೇ ಇದ್ದ, ಏಳಲು ಮೈಯಲ್ಲಿ ಬಲ ಉಳಿದಿರಲಿಲ್ಲ. ಕೈ ಚಾಚಿದ, ಅವನ ಅಣ್ಣತಮ್ಮಂದಿರು ಹಿಂದೆ ಸರಿದರು. ಆ ಹೊತ್ತಿನಲ್ಲಿ ಅವನನ್ನು ಮುಟ್ಟಲು ಮನೆಯವರಿಗೇ ಧೈರ್ಯ ಬರಲಿಲ್ಲ. ಪೊಲೀಸನ ಕೈ ನನ್ನ ತುರುಬಿಗೆ ಬಂತು, ಬಾಯಿಯ ಮೇಲೆ ಏಟು ಬಿತ್ತು. ನಾನು ನಿಲ್ಲಿಸಿದಲ್ಲಿ ಹಿಂದಿನಿಂದ ಜೈತುನಬಿ ನುಡಿ ಎತ್ತಿದಳು.