ಒಂದು ಹೊಲಿಗೆ ಬಾಕಿ

"ಏ ಹಾದರಗಿತ್ತಿ, ಎದ್ದ ಹೊರಗ ನಡಿ! ನಿನ್ನ ಗರ್ಮಿ ರೋಗ ನನ್ನ ಕಬ್ಬಿಗೆ ಹತ್ತಾಕತ್ತೈತಿ!"

ಕಳೆ ಕೀಳುತ್ತಿದ್ದ ಬಾಳವ್ವ ಎದ್ದು ನಿಂತಳು. ತೊಡೆಸಂದಿಯ ತುರಿಕೆ ತಡೆಯಲಾರದೆ ಸೀರೆಯ ಮೇಲೆಯೇ ಕೆರೆದುಕೊಂಡದ್ದು ಬದುವಿನ ಮೇಲಿದ್ದ ಪರಪ್ಪ ಸಾವಕಾರನ ಕಣ್ಣಿಗೆ ಬಿದ್ದಿತ್ತು. ಕೊಣ್ಣೂರಿನ ತನ್ನ ಹೊಲದಲ್ಲಿ ಕಬ್ಬು ಯಾಕೆ ಕೆಂಪಾಗುತ್ತಿದೆ ಎಂದು ತಲೆ ಕೆಡಿಸಿಕೊಂಡಿದ್ದವನಿಗೆ ಕಾರಣ ಸಿಕ್ಕಿತು.

"ಗರ್ಮಿ ಅಲ್ರಿ ಯಪ್ಪಾ."

"ಅಲ್ಲಂದ್ರ ತೋರಸ!"

ಆಳುಗಳೆಲ್ಲ ನಕ್ಕರು. ನಗದಿದ್ದರೆ ಅವರ ಕೂಲಿಯೂ ಹೋಗುತ್ತಿತ್ತು.

ಗೋಕಾಕದ ದವಾಖಾನೆಯಲ್ಲಿ ಡಾಕ್ಟರಬಾಯಿ ಪರದೆ ಎಳೆದು ನೋಡಿದರು. ಅಲ್ಲಿಯ ಚರ್ಮ ಹಳೆಯ ಕಾಗದದಂತೆ ಬೆಳ್ಳಗೆ, ತೆಳ್ಳಗಾಗಿ ಸೀಳಿತ್ತು.

"ಗಂಡಸರಿಂದ ಬರೂ ಗರ್ಮಿ ಅಲ್ಲವ್ವಾ ಇದು. ಯಾರಿಗೂ ಹತ್ತೂದಿಲ್ಲ. ಪೂರ್ತಿ ಹೋಗೂದೂ ಇಲ್ಲ, ಸಂಬಾಳಿಸಿಕೊಂಡ ಹೋಗಬೇಕು. ದಿನಾ ತಿಳಿನೀರಾಗ ಮೆತ್ತಗ ತೊಳಕೊ. ಸವಳ ಮಣ್ಣ, ಸಾಬಾಣ ಹಚ್ಚಬ್ಯಾಡ. ಒರಸಿಕೊಂಡ ಈ ಮುಲಾಮ ಹಚ್ಚು."

"ಇಷ್ಟ ಏನ್ರಿ ಬಾಯಾರ?"

"ಇಷ್ಟ. ಭಾಳ ಸರಳ ಐತಿ."

ಸಮಗಾರಿಕೆ ಮಾಡುವ ಗಂಡ ಕೆಂಚಪ್ಪ ಕೇಳಿ ನಕ್ಕುಬಿಟ್ಟ.

"ದಿನಾ ತಿಳಿನೀರು! ಆ ಬಾಯಿ ಔಷಧ ಹೇಳ್ಯಾಳೋ, ಜಹಗೀರ ಬರಕೊಟ್ಟಾಳೋ?"

ಸುತ್ತೆಲ್ಲ ಸವಳುನೀರು; ಸಿಹಿನೀರಿನ ಬಾವಿ ಇದ್ದದ್ದು ಸಾವಕಾರನದೊಂದೇ. ಕೇರಿಯವರು ಮುಟ್ಟುವಂತಿಲ್ಲ. ಅವನ ತಾಯಿ ಶಿವಗಂಗವ್ವ ಮೇಲಿನಿಂದ ಸುರಿದರೆ ಕೆಳಗೆ ಕೊಡ ಹಿಡಿಯಬೇಕು. ಮನೆಗೊಂದು ಕೊಡ. ಕುಡಿಯುವುದು, ಬೇಯಿಸುವುದು, ಎಲ್ಲ ಅದರಲ್ಲೇ.

"ಇನ್ನೊಂದ ಕೊಡ ಹಾಕ್ರಿ ಯವ್ವಾ."

"ಯಾಕ? ಮನ್ಯಾಗ ಮದವಿ ಇಟಗೊಂಡಿಯೇನ?"

"ತೊಳಕೊಳ್ಳಾಕ್ರಿ. ಮೈಯಾಗ ಬ್ಯಾನಿ ಐತ್ರಿ."

"ಥೂ! ದೇವರ ಮ್ಯಾಲ ಹಾಕೂ ನೀರು ಅದು!"

ದೇವರ ಮೇಲೆ ಬೀಳುವ ಆ ನೀರು ಬಾವಿಯಿಂದ ಎದ್ದು ಬರುತ್ತಿದ್ದದ್ದು ಕೆಂಚಪ್ಪ ಹೊಲಿದ ಮಟ್ಟಿಯಲ್ಲಿ, ಎತ್ತುಗಳು ಎಳೆಯುವ ತೊಗಲಿನ ಚೀಲದಲ್ಲಿ. ತೊಗಲಿಗೆ ಮಾತ್ರ ಮೈಲಿಗೆ ಇರಲಿಲ್ಲ.

ಬಿಸಿಲು ಏರಿದಾಗ ಆ ಮಟ್ಟಿ ಹರಿಯಿತು. ನೀರಿಲ್ಲದೆ ಕಬ್ಬು ಬಾಡತೊಡಗಿತು. ಕೆಂಚಪ್ಪನಿಗೆ ಕರೆ ಬಂತು. ಹೊಲಿಯುವಾಗ ತೊಗಲು ಜಗ್ಗಿ ಹಿಡಿಯಲು ಹೆಂಡತಿ ಬೇಕೇ ಬೇಕು. ಅವಳ ಗರ್ಮಿ ಆ ಹೊತ್ತಿಗೆ ಯಾರಿಗೂ ನೆನಪಾಗಲಿಲ್ಲ.

ಹೊಲಿದವನೇ ಒಮ್ಮೆ ನೀರು ತುಂಬಿಸಿ, ಎಲ್ಲಿ ಸೋರುತ್ತದೆ ಎಂದು ನೋಡಿಕೊಡುವುದು ಪದ್ಧತಿ. ಎತ್ತುಗಳು ಇಳಿಜಾರಿಗೆ ನಡೆದವು. ಮಟ್ಟಿ ಮೇಲೆದ್ದು ಬಂದು ಕಲ್ಲುತೊಟ್ಟಿಗೆ ಬಾಗಿತು. ಬಾಳವ್ವ ಸೀರೆಸಮೇತ ತೊಟ್ಟಿಗಿಳಿದು ಕುಳಿತಳು.

"ಲೇ ಕೆಂಚ್ಯಾ!" ಪರಪ್ಪ ಓಡಿಬಂದ. "ನೀರ ಕೆಡಿಸಿದಳಲ್ಲೋ ನಿನ್ನ ಹೇಂತಿ! ಎಬ್ಬಸಲೇ ಸೂಳಿಮಗನ!"

ಕೆಂಚಪ್ಪ ಒಂದು ಕೈಯಲ್ಲಿ ಮಟ್ಟಿಯ ಅಂಚು ಹಿಡಿದು, ಇನ್ನೊಂದು ಕೈಯ ದಬ್ಬಣವನ್ನು ಬಾವಿಯ ಮೇಲೆ ಚಾಚಿದ. ಮಟ್ಟಿಯ ಸಂದಿಯಿಂದ ನೀರು ಸಣ್ಣಗೆ ತೊಟ್ಟಿಗೆ ಇಳಿಯುತ್ತಿತ್ತು.

"ಒಂದ ಹೊಲಿಗಿ ಬಾಕಿ ಐತ್ರಿ ಸಾವಕಾರ್ರ. ಆಕೀದ ಮುಗೀಲಿ, ಹಾಕತೇನಿ. ಮೈಮ್ಯಾಲ ಬಂದ್ರ ಊರಾಗಿನ ಇದೊಂದ ದಬ್ಬಣ ಬಾವ್ಯಾಗ ಹೊಕ್ಕೈತಿ, ನೋಡ್ರಿ ಮತ್ತ."

ಪರಪ್ಪ ಬಡಿಗೆ ಎತ್ತಿದ. ಅದರಾಚೆ ಕಬ್ಬು ಸುಳಿ ಇಳಿಬಿಟ್ಟು ನಿಂತಿತ್ತು. ಎತ್ತಿದ ಬಡಿಗೆ ಎತ್ತಿದಂತೆಯೇ ಉಳಿಯಿತು.

ಬಾಳವ್ವ ಅವಸರ ಮಾಡಲಿಲ್ಲ. ಮೆತ್ತಗೆ ತೊಳೆದುಕೊಳ್ಳಬೇಕೆಂದು ಡಾಕ್ಟರಬಾಯಿ ಹೇಳಿದ್ದರು.