ನೂರನೆಯ ತಿಮಿಂಗಿಲದ ಬಲಮಗ್ಗುಲು

ನಮ್ಮ ಗಣತಿ ಪುಸ್ತಕದಲ್ಲಿ ನೀಲಿ ತಿಮಿಂಗಿಲಕ್ಕೆ ಅಂಕಿ ಸಿಗುವುದು ಎಡಮಗ್ಗುಲಿನಿಂದ. ಒಂದರ ಮೈಮೇಲಿನ ಬೂದು ಮಚ್ಚೆಗಳು ಇನ್ನೊಂದಕ್ಕಿಲ್ಲ. ಒಂದೇ ತಿಮಿಂಗಿಲದ ಎಡಕ್ಕೂ ಬಲಕ್ಕೂ ಹೋಲಿಕೆಯಿಲ್ಲ. ಬಲಮಗ್ಗುಲಿನ ಚಿತ್ರವೊಂದೇ ಸಿಕ್ಕರೆ, ಅದು ಅಂಕಿಯಿಲ್ಲದೆ ಪೆಟ್ಟಿಗೆಯಲ್ಲಿ ಕಾಯಬೇಕು. ಇಲ್ಲವಾದರೆ ಒಂದನ್ನೇ ಎರಡೆಂದು ಎಣಿಸಿಬಿಡುತ್ತೇವೆ. ವಿಶ್ವವಿದ್ಯಾಲಯದಿಂದ ಬಂದು ಈ ನಿಯಮ ಮಾಡಿದವಳು ನಾನೇ. ಮುರಿದದ್ದು ಒಮ್ಮೆ, ಎಲಾಡಿಯೊಗಾಗಿ.

ಎಲಾಡಿಯೊ ನನ್ನ ಗಂಡ. ಹೋದ ವರ್ಷ ಮಾರ್ಚ್‌ನಲ್ಲಿ, ಚಿಲೊಯೆ ದ್ವೀಪದ ನಮ್ಮ ಕೊಲ್ಲಿಯ ಹೊರಗೆ, ಒಂದು ಬಲಮಗ್ಗುಲಿನ ಚಿತ್ರ ತೆಗೆದ. ಬೆನ್ನಿನ ರೆಕ್ಕೆಯ ಕೆಳಗೆ ಕೊಡಲಿಯಂಥ ಬಿಳಿ ಕಲೆ.

"ಹೊಸದು ಕಣೇ ಇದು. ಇಂಥ ಕಲೆ ಎಲ್ಲಾದ್ರೂ ನೋಡಿದ್ದೀಯಾ?"

"ಎಡಗಡೆ ಎಲ್ಲಿ?"

"ಅದು ತಿರುಗ್ಲಿಲ್ಲ. ಕಿವಿ ಹಿಡಿದು ತಿರುಗಿಸ್ಬೇಕಿತ್ತಾ? ಬರಿ ಮಹಾರಾಣಿ, ನೂರು ಅಂತ ಬರಿ."

ಬರೆದೆ. ಅವನ ಅಪ್ಪ ಬೆಲಾರ್ಮಿನೊ ಅಂಗಳದಲ್ಲಿ ಇಡೀ ಕುರಿ ಸುಟ್ಟರು. ಆ ಚಿತ್ರಕ್ಕೆ ಚೌಕಟ್ಟು ಹಾಕಿ, ಕೆಳಗೆ ೧೦೦ ಎಂದು ಬರೆದು, ಅಡುಗೆಮನೆಯ ಗೋಡೆಗೆ ತೂಗುಹಾಕಿದರು.

ಜುಲೈನಲ್ಲಿ ದೋಣಿ ಮಗುಚಿತು. ಎಲಾಡಿಯೊನ ದೇಹ ಸಿಗಲಿಲ್ಲ. ಸಮಾಧಿಯಿಲ್ಲ. ಉಳಿದದ್ದು ಪುಸ್ತಕದ ನೂರನೆಯ ಸಾಲು ಮಾತ್ರ.

ಈ ಫೆಬ್ರವರಿಯಲ್ಲಿ ಮಾವನೇ ದೋಣಿ ನಡೆಸಿದರು. ಬೆಳಿಗ್ಗೆ ಹತ್ತಕ್ಕೆ ಮೂವತ್ತೇಳನೆಯದು ನೀರಿನಿಂದ ಎದ್ದಿತು. ಹನ್ನೊಂದು ಬೇಸಿಗೆಯಿಂದ ಬರುತ್ತಿರುವ ತಿಮಿಂಗಿಲ. ಆದರೂ ಅದರ ಬಲಮಗ್ಗುಲು ನಮಗೆ ಯಾವತ್ತೂ ಸಿಕ್ಕಿರಲಿಲ್ಲ. ಎಡಮಗ್ಗುಲಿನ ಚಿತ್ರ ತೆಗೆದೆ. ಅದು ದೋಣಿಯ ಅಡಿಯಿಂದ ಹಾದು ಆಚೆ ಎದ್ದಿತು. ಬಲಮಗ್ಗುಲಿನಲ್ಲಿ, ರೆಕ್ಕೆಯ ಕೆಳಗೆ, ಅದೇ ಕೊಡಲಿ ಕಲೆ.

ಕ್ಯಾಮೆರಾ ಇಳಿಸಿದೆ. ಚಿತ್ರವಿಲ್ಲದಿದ್ದರೆ ಸಾಕ್ಷಿಯಿಲ್ಲ. ಮೂವತ್ತೇಳು ಮೂವತ್ತೇಳಾಗಿಯೇ, ನೂರು ನೂರಾಗಿಯೇ ಉಳಿಯುತ್ತಿದ್ದವು.

"ಯಾಕಮ್ಮಾ ಇಳಿಸ್ದೆ?"

"ಹನಿ ಬಿತ್ತು ಮಾವ. ಒರೆಸ್ತಿದ್ದೀನಿ."

"ಇಷ್ಟು ಓದಿದ್ದೀಯ, ನೆಟ್ಟಗೆ ಒಂದು ಸುಳ್ಳು ಹೇಳೋಕೆ ಬರಲ್ಲ. ಆ ಕಲೇನ ದಿನಾ ಗೋಡೆ ಮೇಲೆ ನೋಡ್ಕೊಂಡೇ ಉಣ್ತೀನಲ್ಲ, ನಂಗೆ ಗೊತ್ತಾಗಲ್ವಾ?"

ಎಂಜಿನ್ ನಿಲ್ಲಿಸಿದರು. ನನ್ನ ಕಡೆ ನೋಡಲಿಲ್ಲ.

"ಹುಡುಗನಾಗಿದ್ದಾಗ ತಿಮಿಂಗಿಲ ಕಡಿಯೋ ಫ್ಯಾಕ್ಟರೀಲಿ ಅಳತೆ ಟೇಪು ಹಿಡೀತಿದ್ದೆ. ಚಿಕ್ಕವನ್ನ ಹೊಡೀಬಾರ್ದು ಅಂತ ಕಾನೂನು. ಚಿಕ್ಕದು ಬಂದ್ರೆ ನಾನೇ ಒಂದು ಮಾರು ಸೇರಿಸಿ ಕೂಗ್ತಿದ್ದೆ, ಗುಮಾಸ್ತ ಬರ್ಕೊಳ್ತಿದ್ದ. ಕಾಗದದಲ್ಲಿ ಎಲ್ಲಾ ದೊಡ್ಡವೇ. ಕಾಗದದಲ್ಲಿ ಸಮುದ್ರ ತುಂಬಿತ್ತು ಮಗಳೇ. ಕೊನೇ ಬೇಸಿಗೇಲಿ ಹಡಗುಗಳು ಒಂದು ನೀಲಿಯನ್ನೂ ತರ್ಲಿಲ್ಲ. ಆಮೇಲೆ ನಲವತ್ತು ವರ್ಷ ಈ ನೀರಲ್ಲಿ ಮೀನು ಹಿಡಿದೆ. ನೋಡಿದ್ದು ಮೂರು. ಮೂರೇ."

ತಿಮಿಂಗಿಲ ನಿಧಾನವಾಗಿ ಉಸಿರು ಬಿಟ್ಟಿತು. ಆ ಹಬೆ ನಮ್ಮ ಮೇಲೆ ಬಂತು.

"ನನ್ನ ಮಗನ ಹೆಸರಲ್ಲಿ ಅಂಥ ಸುಳ್ಳು ಲೆಕ್ಕ ಬೇಡ. ತೆಗಿ. ಮುಳುಗೋಕೆ ಮುಂಚೆ ತೆಗಿ."

ತೆಗೆದೆ.

ಸಂಜೆ ನೂರನೆಯ ಸಾಲಿಗೆ ಗೀಟು ಎಳೆದೆ. ಎಲಾಡಿಯೊ ತೆಗೆದ ಚಿತ್ರದ ಪ್ರತಿಯನ್ನು ಮೂವತ್ತೇಳರ ಪುಟಕ್ಕೆ ಅಂಟಿಸಿದೆ. ಹನ್ನೊಂದು ವರ್ಷದಿಂದ ಖಾಲಿಯಿದ್ದ ಜಾಗ. ಕೆಳಗೆ ಅವನ ಹೆಸರು, ತಾರೀಖು.

ಮಾವ ಬಿಸಿ ಆಲೂಗಡ್ಡೆ ರೊಟ್ಟಿ ತಂದಿಟ್ಟರು.

"ಎಷ್ಟಾಯ್ತು ಈಗ?"

"ತೊಂಬತ್ತೊಂಬತ್ತು."

"ಎಲ್ಲಾ ನಿಜವಾಗ್ಲೂ ಇರೋವೇ ತಾನೇ?"

"ಇರೋವೇ ಮಾವ."

ಅವರು ಗೋಡೆಯತ್ತ ಗದ್ದ ಎತ್ತಿದರು.

"ಅದನ್ನ ಇಳಿಸ್ಲಾ?"

"ಬೇಡ. ಆ ತಿಮಿಂಗಿಲ ಇದೆಯಲ್ಲ. ಇವತ್ತು ನೋಡಿದ್ವಲ್ಲ."

ಮಾವ ಎದ್ದು, ಈರುಳ್ಳಿ ಹೆಚ್ಚುವ ಚಾಕುವಿನಿಂದ ೧೦೦ನ್ನು ಕೆರೆದು ತೆಗೆದರು. ಒಲೆಯಿಂದ ಆರಿದ ಇದ್ದಿಲೊಂದನ್ನು ಎತ್ತಿಕೊಂಡು ಅಲ್ಲೇ ೩೭ ಎಂದು ಬರೆದರು.